ಬೇರುಹುಳುವಿಗೆ ಮೂರು ಮದ್ದು, ಗೊಬ್ಬರದ ಜೊತೆ ಮೂರು ತಕರಾರು

ತೀರ್ಥಹಳ್ಳಿ ಸೀಮೆಯ ನಮ್ಮ ತೋಟದ ಕೆಳಗಿನ ತಗ್ಗಿನಲ್ಲಿ ಮೂರು ವರ್ಷದ ಹಿಂದೆ ಅಡಿಕೆ ಮರಗಳು ಹಳದಿಯಾದವು. ಸುಳಿ ಸಣ್ಣದಾಯಿತು, ಎಳೆಗಾಯಿ ಉದುರಿತು. ಮರಕ್ಕೆ ಹಸಿವೆಂದು ತಿಳಿದು ಯೂರಿಯಾ, ಪೊಟ್ಯಾಷ್ ಎರಡನ್ನೂ ಕೈಬಿಚ್ಚಿ ಸುರಿದೆ. ಮರ ಇನ್ನಷ್ಟು ಸೊರಗಿತು. ಕೊನೆಗೆ ಒಂದು ಬುಡ ಬಿಡಿಸಿ ನೋಡಿದರೆ ಬಿಳಿ ಬೇರೇ ಇರಲಿಲ್ಲ. ಕಂದು ತಲೆಯ ದಪ್ಪ ಬೇರುಹುಳುಗಳು ಮುದುಡಿ ಮಲಗಿದ್ದವು. ಅಳಿದುಳಿದ ಬೇರಿನ ತುದಿಗಳನ್ನು ನನ್ನ ಗೊಬ್ಬರದ ಉಪ್ಪೇ ಸುಟ್ಟಿತ್ತು. ಬಾಯಿಯಿಲ್ಲದವನ ಎಲೆಗೆ ಬಡಿಸಿದ್ದೆ ಅಷ್ಟೇ.

ಅಪ್ಪನ ಕಾಲದಲ್ಲಿ ಇದಕ್ಕೆ ಫೋರೇಟ್ ಎಂಬ ಕೀಟನಾಶಕದ ಹರಳು ಹಾಕುತ್ತಿದ್ದರು. 2020ರ ಕೊನೆಯಿಂದ ಅದರ ಬಳಕೆಗೆ ನಿಷೇಧವಿದೆ. ಹಾಗಾಗಿ ನಲವತ್ತು ನಲವತ್ತು ಮರಗಳ ಮೂರು ಪಾಲು ಮಾಡಿ ಮೂರು ಮದ್ದು ಹಾಕಿ ನೋಡಿದೆ.

ಕ್ಲೋರ್‌ಪೈರಿಫಾಸ್ ಎಂಬ ರಾಸಾಯನಿಕ ಕೀಟನಾಶಕ ಎಲ್ಲಕ್ಕಿಂತ ಬೇಗ ಕೆಲಸ ಮಾಡಿತು. ಹತ್ತು ದಿನದಲ್ಲಿ ಬುಡ ಕೆದಕಿದರೆ ಸತ್ತ ಹುಳುಗಳು, ಜೊತೆಗೆ ಸತ್ತ ಎರೆಹುಳುಗಳು. ಇದರ ತಕರಾರು ಹೆಚ್ಚಾಗಿ ಸುಣ್ಣದೊಂದಿಗೆ. ಕ್ಷಾರ ತಾಗಿದರೆ ಈ ಔಷಧಿ ಬೇಗ ಒಡೆದು ನಿಸ್ಸತ್ವವಾಗುತ್ತದೆ, ನಮ್ಮ ಹುಳಿ ಮಣ್ಣಿಗೋ ಸುಣ್ಣ ಬೇಕೇ ಬೇಕು. ನಾನು ಎರಡರ ನಡುವೆ ತಿಂಗಳ ಅಂತರ ಇಟ್ಟೆ. ಒಂದೇ ಡ್ರಮ್ಮಿನಲ್ಲಿ ಯೂರಿಯಾ ಕರಗಿಸಿ ಔಷಧಿಯೊಂದಿಗೆ ಹುಯ್ಯುವವರನ್ನು ಕಂಡಿದ್ದೇನೆ. ಕೂಲಿ ಉಳಿಯುತ್ತದೆ, ನಿಜ, ಆದರೆ ಗಾಯಗೊಂಡ ಬೇರಿನ ಮೇಲೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಕೈಗವಸು, ಮುಖಗವಸು ಇಲ್ಲದೆ ಆಳುಗಳನ್ನು ಈ ಕೆಲಸಕ್ಕೆ ಇಳಿಸಬಾರದು. ಇನ್ನೊಂದು ಮಾತು: ಮುಂಗಾರಿನ ಮೊದಲ ನೆರೆಗೆ ಹತ್ತುಮೀನು, ಅಂದರೆ ನೀರಿಗೆದುರಾಗಿ ಹತ್ತಿ ಬರುವ ಮೀನು, ಏರುವ ಹೊತ್ತಿಗೇ ನಾವು ಇದನ್ನು ಹುಯ್ಯುವುದು. ನಮ್ಮ ಬಸಿಗಾಲುವೆ ನೇರ ಹಳ್ಳಕ್ಕೆ ಬೀಳುತ್ತದೆ, ಮೀನಿಗೆ ಈ ಔಷಧಿ ಕಡು ವಿಷ. ನನ್ನ ಮನಸ್ಸು ಇದರಿಂದ ಹಿಂದೆ ಸರಿದದ್ದು ಅಲ್ಲಿಯೇ.

ಮೆಟರೈಜಿಯಂ ಹುಳುವಿಗೆ ರೋಗ ತರುವ ಶಿಲೀಂಧ್ರ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗೆ ಬೆರೆಸಿ ಎರಡು ವಾರ ನೆರಳಿನಲ್ಲಿ ತೇವವಾಗಿಟ್ಟು, ಮಗುಚಿ, ಆಮೇಲೆ ಬುಡಕ್ಕೆ ಕೊಟ್ಟೆ. ಮೊದಲ ವರ್ಷ ಜಿಪುಣತನ ಮಾಡಿದೆ. ಬುಡ ಹೇಗೂ ಬಿಡಿಸಿದೆ ಎಂದು ಅದೇ ದಿನ ಯೂರಿಯಾ, ಪೊಟ್ಯಾಷ್ ಕೂಡ ಹಾಕಿಸಿದೆ. ಸಾಲದ್ದಕ್ಕೆ ಕೊಳೆ ರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ (ತಾಮ್ರದ ಮೈಲುತುತ್ತು, ಸುಣ್ಣ ಬೆರೆಸಿದ್ದು) ಮರದಿಂದ ಬುಡಕ್ಕೆ ಸುರಿಯಿತು. ಕೊಳೆಯ ಶಿಲೀಂಧ್ರವನ್ನು ಕೊಲ್ಲುವ ತಾಮ್ರಕ್ಕೆ ನಮ್ಮ ಶಿಲೀಂಧ್ರ ಯಾವುದೆಂದು ಗೊತ್ತೇ? ದೀಪಾವಳಿಗೆ ಅಗೆದಾಗ ಹುಳುಗಳು ಆರೋಗ್ಯವಾಗಿದ್ದವು. ಮರುವರ್ಷ ಬೋರ್ಡೋ ಹೊಡೆಯುವಾಗ ಬುಡಕ್ಕೆ ಸೋಗೆ ಮುಚ್ಚಿದೆ, ರಾಸಾಯನಿಕ ಗೊಬ್ಬರವನ್ನು ಅಕ್ಟೋಬರಿಗೆ ತಳ್ಳಿದೆ. ಈ ಸಲ ಹಸಿರು ಬೂಸ್ಟು ಹಿಡಿದ ಹುಳುಗಳು ಸಿಕ್ಕವು. ಎರಡು ತಿಂಗಳು ಕಾಯಬೇಕಾಯಿತು. ಮರಿಹುಳುಗಳಿಗೆ ಚೆನ್ನಾಗಿ ತಾಗಿತು, ಬಲಿತವು ಅನೇಕ ಬದುಕಿಕೊಂಡವು.

ಮೂರನೆಯದು ನೆಮಟೋಡ್, ಬೇರುಹುಳುವಿನ ಒಳಹೊಕ್ಕು ಕೊಲ್ಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು. ಬೆಲೆ ಹೆಚ್ಚು, ತಂದಮೇಲೆ ಬಹಳ ದಿನ ಇಡಲಾಗದು. ಬಿಸಿಲು ಕಂಡರೆ ಸಾಯುತ್ತದೆ, ಆದ್ದರಿಂದ ಸಂಜೆ ತೇವದ ಮಣ್ಣಿಗೇ ಹಾಕಬೇಕು. ಸೆಪ್ಟೆಂಬರಿನಲ್ಲಿ ಹಾಕಿದೆ. ಸತ್ತ ಹುಳುಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಕಾಂಪೋಸ್ಟ್ ಜೊತೆ ಇದಕ್ಕೆ ಜಗಳವಿಲ್ಲ, ಗಾಢವಾದ ಯೂರಿಯಾ ನೀರು ಮಾತ್ರ ಆಗದು. ಎರಡು ವಾರ ಬಿಟ್ಟು ಗೊಬ್ಬರ ಕೊಟ್ಟೆ.

ನನ್ನ ಆಯ್ಕೆ ಕೇಳಿದರೆ, ಜೂನ್–ಜುಲೈನಲ್ಲಿ ಮರಿಹುಳುಗಳಿಗೆ ಮೆಟರೈಜಿಯಂ, ಮಳೆ ಇಳಿದಮೇಲೆ ಉಳಿದವುಗಳಿಗೆ ನೆಮಟೋಡ್. ಕ್ಲೋರ್‌ಪೈರಿಫಾಸ್ ಹಾಕಲೇಬೇಕಾದರೆ ಹಳ್ಳದಿಂದ ದೂರದ, ಬೀಳುವ ಹಂತದ ಮರಗಳಿಗೆ ಮಾತ್ರ, ಅದೂ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಅವರು ಹೇಳಿದ ಅಳತೆಯಲ್ಲಿ. ಬೇರುಹುಳು ಬೆಳೆದು ಆದ ದುಂಬಿಯನ್ನು ಸಂಜೆ ಏಳುವಾಗ ಹಿಡಿದು ಕೊಲ್ಲುವುದು, ಅಗೆದಾಗ ಸಿಕ್ಕ ಹುಳುವನ್ನು ಹೆಕ್ಕುವುದು ಈ ಮೂರಕ್ಕೂ ಜೊತೆಗಿರಲಿ.

ಒಳ್ಳೆಯ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ರೂಢಿಯ ಲೆಕ್ಕ. ಹುಳು ತಿಂದ ಮರಕ್ಕೆ ಅದನ್ನು ನಾನು ಒಮ್ಮೆಲೇ ಕೊಡುವುದಿಲ್ಲ. ಚೀಲ ಬಿಚ್ಚುವ ಮೊದಲು ನಾಲ್ಕು ಬುಡ ಕೆದಕುತ್ತೇನೆ. ಹೊಸ ಬಿಳಿ ಬೇರು ಕಂಡ ಮರಕ್ಕೆ ಅರ್ಧ ಪಾಲು, ಕಾಣದ ಮರಕ್ಕೆ ಬರೀ ಕೊಟ್ಟಿಗೆ ಗೊಬ್ಬರ.