ಪಿನ್ ಟ್ರೇಡಿಂಗ್ ಮೀಟ್‌ಗೆ ಮಕ್ಕಳನ್ನ ಕರ್ಕೊಂಡು ಹೋಗೋರು ದಯವಿಟ್ಟು ಇದನ್ನ ಓದಿ

ಸದರ್ನ್ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮ ಕನ್ನಡದವರಿಗೆ, ಅದರಲ್ಲೂ ಡಿಸ್ನಿ ಪಿನ್ (ಡಿಸ್ನಿ ಪಾತ್ರಗಳಿರೋ, ಚುಚ್ಚಿಕೊಳ್ಳೋ ಪುಟ್ಟ ಲೋಹದ ಬ್ಯಾಡ್ಜ್) ಹುಚ್ಚು ಹತ್ತಿದ ಮಕ್ಕಳಿರೋ ಮನೆಯವರಿಗೆ ಅಂತಲೇ ಇದನ್ನ ಬರೀತಿದ್ದೀನಿ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಹಿಂದೆಮುಂದೆ ಆದ್ರೆ ಹೊಂದಿಸಿಕೊಂಡು ಓದಿ. ಅನಹೈಮ್‌ನ ಒಂದು ಹೋಟೆಲ್ ಹಾಲ್‌ನಲ್ಲಿ ನಡೆದ ಪಿನ್ ಟ್ರೇಡಿಂಗ್ ಮೀಟ್‌ನಲ್ಲಿ, ಒಂಬತ್ತು ವರ್ಷದ ನನ್ನ ಮಗಳ ಕೈಯಿಂದ ಅಸಲಿ ಲಿಮಿಟೆಡ್ ಎಡಿಷನ್ ಪಿನ್ ಕಿತ್ಕೊಂಡು ಐದು ನಕಲಿ ಪಿನ್ ಕೊಟ್ಟು ಕಳಿಸಿದ್ರು. ಕಿತ್ಕೊಂಡು ಅಂತಲೇ ಹೇಳ್ತೀನಿ. ಅದಕ್ಕೆ ಅವರು ಟ್ರೇಡ್ ಅಂತಾರೆ. ನಾನು ಪಕ್ಕದಲ್ಲೇ ನಿಂತಿದ್ದೆ, ಅಸಲಿ ತಾನೇ ಅಂತ ಬಾಯಿ ಬಿಟ್ಟು ಕೇಳಿದ್ದೆ, ಆದ್ರೂ.

ಡಿಸ್ನಿಲ್ಯಾಂಡ್ ಪಾರ್ಕ್ ಒಳಗಿನ ಟ್ರೇಡಿಂಗ್, ಅಂದ್ರೆ ಪಿನ್ ಅದಲುಬದಲು, ನಿಮಗೆಲ್ಲ ಗೊತ್ತಿರೋದೇ. 1999ರಲ್ಲಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಮಿಲೆನಿಯಂ ಸಂಭ್ರಮದ ಜೊತೆ ಶುರುವಾಗಿ ಆಮೇಲೆ ಇಲ್ಲಿಗೂ ಬಂತು. ಕಾಸ್ಟ್ ಮೆಂಬರ್ (ಪಾರ್ಕ್ ಕೆಲಸದವರು) ಕೊರಳಲ್ಲಿ ಪಿನ್ ಚುಚ್ಚಿದ ಪಟ್ಟಿ, ಲ್ಯಾನ್ಯಾರ್ಡ್, ಇರುತ್ತೆ, ಮಗು ಹೋಗಿ ಬೊಟ್ಟು ಮಾಡಿ ತೋರಿಸುತ್ತೆ, ಒಂದು ಕೊಟ್ಟು ಒಂದು ತಗೊಳ್ಳುತ್ತೆ. ಹಿಂಭಾಗದಲ್ಲಿ ಡಿಸ್ನಿ ಕಾಪಿರೈಟ್ ಗುರುತಿರೋ ಲೋಹದ ಪಿನ್ ಆದ್ರೆ ಸಾಕು, ನಗ್‌ನಗ್ತಾ ಬದಲಾಯಿಸಿ ಕೊಡ್ತಾರೆ. ಅಲ್ಲಿ ಯಾರೂ ನಿಮ್ಮ ಪಿನ್ ಮೇಲೆ ಕಣ್ಣು ಹಾಕಲ್ಲ, ಅದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಮೀಟ್‌ನಲ್ಲಿ ಹಾಗಲ್ಲ. ಇಲ್ಲಿ ಎದುರಿಗಿರೋರಿಗೆ ನಿಮ್ಮ ಪಿನ್ ಬೇಕು. ಮೊದಲ ಸಲ ಹೋಗೋರು ತಲೇಲಿ ಇಟ್ಕೋಬೇಕಾದ್ದು ಇದೊಂದೇ, ಮಿಕ್ಕಿದ್ದೆಲ್ಲ ಆಮೇಲೆ.

ಬಾಗಿಲಲ್ಲಿ ದುಡ್ಡು ಕೊಟ್ಟು, ಕೈಗೆ ಕಾಗದದ ಪಟ್ಟಿ ಸುತ್ತಿಸಿಕೊಂಡು ಒಳಗೆ ಹೋದ್ರೆ ಸಾಲು ಸಾಲು ಮೇಜು. ಮೇಜಿನ ಮೇಲೆ ಜಿಪ್ ಇರೋ ದಪ್ಪ ದಪ್ಪ ಬ್ಯಾಗು, ಬಿಚ್ಚಿದ್ರೆ ಬಟ್ಟೆಯ ಪುಟಗಳು, ಪುಟದ ತುಂಬ ಪಿನ್. ಬುಕ್ ಅಂತಾರೆ ಅದಕ್ಕೆ. ಮುಟ್ಟೋ ಹಾಗಿಲ್ಲ, ಬೆರಳು ತೋರಿಸಿ ‘ಇದನ್ನ ನೋಡಬಹುದಾ’ ಅಂತ ಕೇಳ್ಬೇಕು, ಅವರೇ ತೆಗೆದು ಕೊಡ್ತಾರೆ. ಕೆಲವು ಪುಟಗಳು ಅವರವರ ಸ್ವಂತದ್ದು, ಕೊಡಲ್ಲ. ಹೊಸಬರು ಯಾರು ಅಂತ ದೂರದಿಂದಲೇ ತಿಳಿಯುತ್ತೆ, ಯಾಕಂದ್ರೆ ಹಳಬರ ಹತ್ತಿರ ಬುಕ್ ಇರುತ್ತೆ, ಕೊರಳಲ್ಲಿ ಲ್ಯಾನ್ಯಾರ್ಡ್ ಹಾಕ್ಕೊಂಡು ಓಡಾಡೋದು ನಮ್ಮ ಮಕ್ಕಳಂಥವರೇ. ಎಲ್ಲರೂ ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಒಬ್ಬ ಅಜ್ಜ-ಅಜ್ಜಿ ನನ್ನ ಮಗಳಿಗೆ ಒಂದು ಮಿನ್ನಿ ಪಿನ್ ಸುಮ್ನೆ ಕೊಟ್ರು, ಬದಲಿಗೆ ಏನೂ ತಗೊಳ್ಳಲಿಲ್ಲ. ಅಂಥವರೂ ಇದ್ದಾರೆ. ಆದ್ರೆ ನಿಮ್ಮನ್ನ ಹುಡುಕಿಕೊಂಡು ಬರೋರು ಅವರಲ್ಲ.

ನಮ್ಮನ್ನ ಹುಡುಕಿಕೊಂಡು ಬಂದವನು ಐವತ್ತರ ಆಸುಪಾಸಿನವನು. ವೆಸ್ಟ್ ತುಂಬ ಪಿನ್ ಚುಚ್ಚಿಕೊಂಡಿದ್ದ. ಬಂದವನೇ ಮಂಡಿಯೂರಿ ನನ್ನ ಮಗಳ ಎತ್ತರಕ್ಕೆ ಕೂತ್ಕೊಂಡ. ನನ್ನ ಜೊತೆ ಮಾತಾಡಲೇ ಇಲ್ಲ, ಎಲ್ಲ ಅವಳ ಜೊತೆನೇ. ‘ಇಷ್ಟು ಚೆನ್ನಾಗಿ ಜೋಡಿಸಿದ್ದೀಯಲ್ಲ, ನೀನೇ ಮಾಡಿದ್ದಾ?’ ಅಂದ. ಮೊದಲು ಯಾವುದೋ ಸಾಮಾನ್ಯ ಪ್ಲೂಟೋ ಪಿನ್ ಬಗ್ಗೆ ಕೇಳಿದ. ಆಮೇಲೆ ಏನೂ ಅನ್ನಿಸದವನ ಹಾಗೆ ಅವಳ ಲ್ಯಾನ್ಯಾರ್ಡ್‌ನಲ್ಲಿದ್ದ ಡಿಸ್ನಿ ರಾಜಕುಮಾರಿ ರಪಂಜ಼ೆಲ್ ಪಿನ್ ಹಿಡಿದು, ಹೆಬ್ಬೆರಳಲ್ಲಿ ಮೆಲ್ಲಗೆ ಮಗುಚಿ ಹಿಂಭಾಗ ನೋಡಿ ಬಿಟ್ಟ. ಒಂದು ಕ್ಷಣ ಅಷ್ಟೇ. ಹಿಂದೆ ಎಲ್‌ಇ 300 ಅಂತ ಅಚ್ಚಿತ್ತು. ಅಂದ್ರೆ ಲಿಮಿಟೆಡ್ ಎಡಿಷನ್, ಒಟ್ಟು ಮಾಡಿದ್ದೇ ಮುನ್ನೂರು. ಹಾಲಿವುಡ್‌ನಲ್ಲಿ ಎಲ್ ಕ್ಯಾಪಿಟನ್ ಥಿಯೇಟರ್ ಪಕ್ಕದ ಡಿಸ್ನಿ ಅಂಗಡಿ ಮುಂದೆ ನಮ್ಮ ಅತ್ತಿಗೆ ಬೆಳಗಾಗೋ ಮುಂಚೆ ಕ್ಯೂ ನಿಂತು ತಂದು, ಇವಳ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು. ಬೆಳಕಿಗೆ ಹಿಡಿದ್ರೆ ನೇರಳೆ ಬಣ್ಣದೊಳಗಿಂದ ಬೆಳಕು ಹಾಯ್ದು ಬರ್ತಿತ್ತು. ಅವನಿಗೆ ಅದೇನು ಅಂತ ಆ ಒಂದು ಕ್ಷಣದಲ್ಲೇ ಪೂರ್ತಿ ಗೊತ್ತಾಗಿದೆ.

‘ಇದು ಸ್ವಲ್ಪ ದೊಡ್ಡದಾಯ್ತು, ಆದ್ರೆ ನನ್ನ ತಂಗಿ ಮಗಳಿಗೆ ರಪಂಜ಼ೆಲ್ ಅಂದ್ರೆ ಪ್ರಾಣ’ ಅಂದ. ಜೇಬಿಂದ ಒಂದು ಫೋಮ್ ತುಂಡು ತೆಗೆದ, ಅದರ ಮೇಲೆ ಐದು ಪಿನ್. ಡೊನಾಲ್ಡ್, ಗೂಫಿ, ಚಿಪ್, ಡೇಲ್, ಸ್ಟಿಚ್. ‘ಒಂದಕ್ಕೆ ಐದು! ಯೂ ವಿನ್!’ ಅಂದ. ಒಂಬತ್ತು ವರ್ಷದ ಮಗುಗೆ ಒಂದಕ್ಕೆ ಐದು ಅಂದ್ರೆ ಇನ್ನೇನು ಬೇಕು ಹೇಳಿ. ಅವಳು ನನ್ನ ಮುಖ ನೋಡಿದ್ಲು. ನಾನು ಕೇಳಿದೆ, ಇವೆಲ್ಲ ಒರಿಜಿನಲ್ ತಾನೇ ಅಂತ. ಅವನು ಆಗ ಮೊದಲ ಸಲ ನನ್ನ ಕಡೆ ತಿರುಗಿದ. ‘ಮ್ಯಾಮ್, ಹದಿನೈದು ವರ್ಷದಿಂದ ಟ್ರೇಡ್ ಮಾಡ್ತಿದ್ದೀನಿ. ಇವೆಲ್ಲ ಹಿಡನ್ ಮಿಕ್ಕಿ. ಅಂಗಡಿಯಲ್ಲಿ ದುಡ್ಡು ಕೊಟ್ರೂ ಸಿಗಲ್ಲ.’

ಹದಿನೈದು ವರ್ಷ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮೋಸ ಎಷ್ಟು ಚೆಂದ ಅಂದ್ರೆ, ಆ ಮಾತಿನಲ್ಲಿ ಅರ್ಧ ನಿಜ ಇದೆ. ಮುಂಭಾಗದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಪುಟ್ಟ ಬೆಳ್ಳಿ ಬಣ್ಣದ ಮಿಕ್ಕಿ ತಲೆ ಇರೋ ಹಿಡನ್ ಮಿಕ್ಕಿ ಪಿನ್‌ಗಳನ್ನ ಪಾರ್ಕಲ್ಲಿ ಕಾಸ್ಟ್ ಮೆಂಬರ್‌ಗಳ ಲ್ಯಾನ್ಯಾರ್ಡ್‌ಗೆ ಅಂತಲೇ ಬಿಡೋದು, ಟ್ರೇಡ್ ಮಾಡಿಯೇ ಪಡೀಬೇಕು. ನಕಲಿ ಕಾಟ ಜಾಸ್ತಿ ಇರೋದೂ ಅದರಲ್ಲೇ. ಅದನ್ನ ಮಾತ್ರ ಅವನು ಹೇಳಲಿಲ್ಲ.

ಟ್ರೇಡ್ ಆಯ್ತು. ಅವನು ಮಗಳಿಗೆ ಹೈ ಫೈವ್ ಕೊಟ್ಟು ಹೋದ. ನನಗೆ ಈಗಲೂ ಮೈ ಉರಿಯೋದು ಆ ಹೈ ಫೈವ್‌ಗೆ.

ನಾಲ್ಕು ಮೇಜು ದಾಟಿ ಒಬ್ಬ ಹೆಂಗಸಿನ ಬುಕ್ ಮುಂದೆ ನಿಂತ್ವಿ. ಮಗಳು ಖುಷಿಯಿಂದ ಡೊನಾಲ್ಡ್ ಕೊಟ್ಟು ಇದಕ್ಕೆ ಏನು ಕೊಡ್ತೀರಿ ಅಂತ ಕೇಳಿದ್ಲು. ಆಕೆ ಕೈಗೆ ತಗೊಂಡ್ರು, ಮಗುಚಿದ್ರು, ಅಂಚಿನ ಸುತ್ತ ಉಗುರು ಆಡಿಸಿದ್ರು. ಏನೂ ಮಾತಾಡಲಿಲ್ಲ. ತಮ್ಮ ಬುಕ್‌ನಿಂದ ಅದೇ ಡೊನಾಲ್ಡ್ ತೆಗೆದು ಎರಡನ್ನೂ ನನ್ನ ಅಂಗೈಯಲ್ಲಿಟ್ರು. ನೋಡೋ ಮೊದಲೇ ಕೈಗೆ ತಿಳೀತು, ಸ್ಟೀಲ್ ತಟ್ಟೆಗೂ ಅಲ್ಯೂಮಿನಿಯಂ ತಟ್ಟೆಗೂ ಇರೋ ವ್ಯತ್ಯಾಸ. ನಮ್ಮದು ಒಂದು ಕೂದಲೆಳೆಯಷ್ಟು ಚಿಕ್ಕದು. ಕಣ್ಣಿನ ಬಿಳಿ ಬಣ್ಣ ಮಧ್ಯದಲ್ಲಿ ಕುಸಿದು ಒಂದು ಸೂಜಿಮೊನೆ ತೂತು. ಅಂಚು ಒರಟು, ಬೆರಳಿಗೆ ಚುಚ್ಚೋ ಹಾಗೆ. ಹಿಂದೆ ಸಣ್ಣ ಸಣ್ಣ ಮಿಕ್ಕಿ ತಲೆಗಳ ವಿನ್ಯಾಸ ಎರಡರಲ್ಲೂ ಇತ್ತು, ಆದ್ರೆ ಆಕೆಯದರಲ್ಲಿ ವಿನ್ಯಾಸ ಅಂಚಿನವರೆಗೂ ಓಡಿ ಅಲ್ಲಿ ಕತ್ತರಿಸಿಹೋಗಿತ್ತು, ನಮ್ಮದರಲ್ಲಿ ಸುತ್ತಲೂ ಒಂದು ಖಾಲಿ ಗೆರೆ ಬಿಟ್ಟು ಒಳಗೇ ನಿಂತಿತ್ತು. ‘ಸ್ಕ್ರ್ಯಾಪರ್’ ಅಂದ್ರು ಆಕೆ, ಮೆಲ್ಲಗೆ, ಮಗುಗೆ ಕೇಳಿಸದ ಹಾಗೆ. ಉಳಿದ ನಾಲ್ಕನ್ನೂ ತೋರಿಸಿದೆ. ನಾಲ್ಕೂ ನಕಲಿ ಅನ್ನೋ ಹಾಗೆ ತಲೆ ಆಡಿಸಿದ್ರು.

ಕಾರ್ಖಾನೆಯಲ್ಲಿ ರದ್ದಿಗೆ ಹೋಗಬೇಕಾಗಿದ್ದ ಪಿನ್, ಆರ್ಡರ್ ಮುಗಿದ ಮೇಲೂ ಕದ್ದು ಒತ್ತಿದ ಪಿನ್, ಪೂರ್ತಿ ನಕಲು ಮಾಡಿದ್ದು, ಎಲ್ಲಕ್ಕೂ ಸ್ಕ್ರ್ಯಾಪರ್ ಅಂತಲೇ ಕರೀತಾರೆ. ಆನ್‌ಲೈನ್‌ನಲ್ಲಿ ಐವತ್ತು, ನೂರು ಅಂತ ಗಂಟುಗಂಟಾಗಿ ಮಾರ್ತಾರೆ, ಒಂದಕ್ಕೆ ಒಂದು ಡಾಲರ್ ಕೂಡ ಬೀಳಲ್ಲ. ಪಾರ್ಕ್ ಅಂಗಡಿಯಲ್ಲಿ ಅಸಲಿ ಪಿನ್‌ಗೆ ಹತ್ತು ಡಾಲರ್ ಮೇಲೆಯೇ ಕೊಡೋ ನಮಗೆ ಇದು ತಿಳಿದಾಗ ಹೊಟ್ಟೆ ಉರಿಯದೆ ಇರುತ್ತಾ.

ವಾಪಸ್ ಹೋದೆ ಅವನ ಹತ್ತಿರ. ಬಾಗಿಲ ಪಕ್ಕದ ಮೇಜಲ್ಲಿ ಕೂತಿದ್ದ. ಇವು ನಕಲಿ, ನಮ್ಮ ಪಿನ್ ಕೊಡಿ ಅಂದೆ.

‘ಟ್ರೇಡ್ ಈಸ್ ಎ ಟ್ರೇಡ್.’ ಇದು ಮೊದಲನೇ ಉತ್ತರ. ಮುಖ ಕೂಡ ಎತ್ತಲಿಲ್ಲ.

ನೀವೇ ಒರಿಜಿನಲ್ ಅಂದ್ರಲ್ಲ ಅಂದೆ. ‘ನಾನೂ ಪಾರ್ಕಲ್ಲಿ ಟ್ರೇಡ್‌ಗೆ ಪಿನ್ ಚುಚ್ಚಿಟ್ಟಿರೋ ಬೋರ್ಡ್‌ನಿಂದ ತಗೊಂಡಿದ್ದು, ನನಗೆ ಹೇಗೆ ಗೊತ್ತಾಗಬೇಕು?’ ಹದಿನೈದು ವರ್ಷದಿಂದ ಟ್ರೇಡ್ ಮಾಡೋನಿಗೆ ಗೊತ್ತಾಗಲ್ವಂತೆ! ಹೆಬ್ಬೆರಳಲ್ಲಿ ಮಗುಚಿ ಎಲ್‌ಇ ನಂಬರ್ ನೋಡಿದವನಿಗೆ ತನ್ನ ಪಿನ್ ಹಿಂಭಾಗ ಗೊತ್ತಿಲ್ವಂತೆ!

ರಪಂಜ಼ೆಲ್ ಎಲ್ಲಿ ಅಂದೆ. ‘ಅದು ಆಗಲೇ ಹೋಯ್ತು, ಟ್ರೇಡ್ ಮಾಡಿಬಿಟ್ಟೆ.’ ತಂಗಿ ಮಗಳಿಗೆ ಪ್ರಾಣ ಆಗಿದ್ದ ಪಿನ್ ಅರ್ಧ ಗಂಟೆ ಕೂಡ ಅವನ ಹತ್ತಿರ ಉಳಿದಿಲ್ಲ. ತಂಗಿಯಾದ್ರೂ ಇದ್ದಾಳೋ ಇಲ್ವೋ.

ನನ್ನ ದನಿ ಏರಿತ್ತು. ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡ್ತಿದ್ರು, ಗಲಾಟೆ ಮಾಡೋಕೆ ಬಂದವಳು ನಾನೇ ಅನ್ನೋ ಹಾಗೆ. ಆ ನೋಟ ಇದೆಯಲ್ಲ, ಅದು ಪಿನ್ ಹೋಗಿದ್ದಕ್ಕಿಂತ ಜಾಸ್ತಿ ಅವಮಾನ. ಮಗಳು ನನ್ನ ಕುರ್ತಾ ಜಗ್ಗಿ ‘ಅಮ್ಮಾ ಬಿಡು, ನಂಗೆ ಡೊನಾಲ್ಡ್ ಇಷ್ಟಾನೇ’ ಅಂದ್ಲು. ಅವಳಿಗೆ ಅರ್ಥ ಆಗಿತ್ತು. ಅದನ್ನೇ ಹಿಡ್ಕೊಂಡ ಅವನು: ‘ನೋಡಿ, ಮಗು ಖುಷಿಯಾಗಿದೆ. ನಿಮಗೇನು ತೊಂದರೆ?’

ಕೊನೆಗೆ ಒಂದು ಮಾತು ಹೇಳಿದ. ಇದಕ್ಕಾಗಿಯೇ ನಾನು ಈ ಬರಹ ಬರೀತಿರೋದು. ‘ಬೇಡ ಅಂದ್ರೆ ಪಾರ್ಕಿಗೆ ತಗೊಂಡು ಹೋಗಿ ಕಾಸ್ಟ್ ಮೆಂಬರ್ ಹತ್ತಿರ ಬದಲಾಯಿಸಿಕೊಳ್ಳಿ. ಅವರು ಚೆಕ್ ಮಾಡಲ್ಲ.’ ಅಂದ್ರೆ ನನ್ನ ಮಗಳೂ ಹೋಗಿ ಇನ್ನೊಬ್ಬರ ಕೊರಳಿಗೆ ಅದನ್ನ ಕಟ್ಟಬೇಕು, ಅಲ್ಲಿಂದ ಇನ್ಯಾವುದೋ ಮಗು ಅಸಲಿ ಕೊಟ್ಟು ಅದನ್ನ ತಗೋಬೇಕು. ಹೀಗೇ ತಾನೇ ಈ ಕಸ ಇಷ್ಟೊಂದು ಹರಡಿರೋದು? ಅದನ್ನ ಮಗುವಿನ ಎದುರಿಗೇ, ಸಹಾಯ ಮಾಡೋನ ಹಾಗೆ ಹೇಳ್ತಾನೆ!

ನಡೆಸೋರ ಹತ್ತಿರ ಹೋದೆ. ‘ನಾವು ಜಾಗ ಮಾತ್ರ ಕೊಡೋದು, ಟ್ರೇಡ್ ಅವರವರ ನಡುವೆ’ ಅಂತ ಬಾಗಿಲಲ್ಲಿ ಅಂಟಿಸಿದ್ದ ಹಾಳೆ ತೋರಿಸಿದ್ರು. ಇಮೇಲ್ ಕಳಿಸಿದೆ, ಪಿನ್‌ಗಳ ಹಿಂದೆ ಮುಂದೆ ಫೋಟೋ ಸಮೇತ. ಉತ್ತರ ಬಂತು: ಹೊಸಬರಿಗೆ ಇದೊಂದು ಲರ್ನಿಂಗ್ ಎಕ್ಸ್‌ಪೀರಿಯನ್ಸ್, ಮುಂದಿನ ಸಲ ನಿಮಗೆ ಉಚಿತ ಪ್ರವೇಶ. ಮುಂದಿನ ಸಲ! ದುಡ್ಡು ವಾಪಸ್ ಇಲ್ಲ, ಅವನನ್ನ ಒಂದು ಮಾತು ಕೇಳ್ತೀವಿ ಅನ್ನೋದೂ ಇಲ್ಲ. ಅವನ ಬಗ್ಗೆ ಇಡೀ ಇಮೇಲ್‌ನಲ್ಲಿ ಒಂದು ಅಕ್ಷರ ಇಲ್ಲ.

ಹಳಬರ ನಡುವೆ ಇದಕ್ಕೆ ಶಾರ್ಕಿಂಗ್ ಅನ್ನೋ ಹೆಸರೇ ಇದೆಯಂತೆ. ಲ್ಯಾನ್ಯಾರ್ಡ್ ಹಾಕ್ಕೊಂಡ ಮಕ್ಕಳನ್ನ, ಬೆಲೆ ತಿಳೀದ ಹೊಸಬರನ್ನ ನೋಡ್ಕೊಂಡು ಒಳ್ಳೇ ಪಿನ್ ಹೊಡ್ಕೊಳ್ಳೋದು. ಹೆಸರಿಡೋವಷ್ಟು ಮಾಮೂಲಿ ಆಗಿದೆ ಅಂದ್ಮೇಲೆ ಬಾಗಿಲಲ್ಲಿ ದುಡ್ಡು ಇಸ್ಕೊಳ್ಳೋರಿಗೆ ಗೊತ್ತಿಲ್ಲ ಅಂದ್ರೆ ನಾನು ನಂಬಲ್ಲ.

ಮನೇಲಿ ಯಜಮಾನರು ‘ಒಂದು ಪಿನ್‌ಗೆ ಇಷ್ಟೆಲ್ಲ ಯಾಕೆ’ ಅಂತಾರೆ. ದುಡ್ಡಿನ ಮಾತಲ್ಲ ಇದು. ಅತ್ತಿಗೆ ಮೊನ್ನೆ ವೀಡಿಯೋ ಕಾಲ್‌ನಲ್ಲಿ ‘ಎಲ್ಲಿ ರಪಂಜ಼ೆಲ್, ತೋರಿಸು’ ಅಂದಾಗ ಮಗಳು ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದ್ಲು. ಏನಂತ ಹೇಳಲಿ ನಾನು.

ಹೋಗಲೇಬೇಡಿ ಅಂತ ಹೇಳಲ್ಲ, ಹೇಳಿದ್ರೂ ಮಕ್ಕಳು ಕೇಳಲ್ಲ. ಎಲ್‌ಇ ಅಂತ ಬರೆದಿರೋ ಪಿನ್ ಮನೇಲಿಟ್ಟು ಹೋಗಿ, ಲ್ಯಾನ್ಯಾರ್ಡ್‌ನಲ್ಲಿ ಅಂಗಡಿಯಲ್ಲಿ ಯಾವಾಗ್ಲೂ ಸಿಗೋ ಮಾಮೂಲಿ ಪಿನ್ ಮಾತ್ರ ಇರಲಿ. ಯಾರಾದ್ರೂ ನಿಮ್ಮನ್ನ ಬಿಟ್ಟು ಮಗು ಜೊತೆ ವ್ಯಾಪಾರಕ್ಕೆ ಇಳಿದ್ರೆ ಕೈ ಹಿಡ್ಕೊಂಡು ಮುಂದೆ ಹೋಗ್ತಾ ಇರಿ, ಎಷ್ಟೇ ಸಿಹಿಯಾಗಿ ಮಾತಾಡಲಿ. ಒಂದಕ್ಕೆ ಐದು, ಒಂದಕ್ಕೆ ಹತ್ತು ಅಂತ ಕೊಡೋಕೆ ಬಂದವನಿಗೆ ಆ ಐದರ ಬೆಲೆ ಏನು ಅಂತ ಚೆನ್ನಾಗಿ ಗೊತ್ತಿರುತ್ತೆ. ನಿಮ್ಮ ಕೈಗೆ ತಗೊಂಡು, ಪಿನ್ ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಹಿಂಭಾಗ ಅಂಚಿನವರೆಗೆ ನೋಡಿ. ಕೈಗೆ ಕೊಡಲ್ಲ ಅಂದ್ರೆ ಅಲ್ಲಿಗೇ ಮುಗೀತು. ಅವನು ‘ಒರಿಜಿನಲ್’ ಅಂದ ಮಾತಿಗೆ ಆಮೇಲೆ ಮೂರು ಕಾಸಿನ ಬೆಲೆ ಇರಲ್ಲ, ಯಾರೂ ನಿಮ್ಮ ಪರ ನಿಲ್ಲಲ್ಲ.

2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್. 1984ರಲ್ಲಿ ಇಲ್ಲೇ ಒಲಿಂಪಿಕ್ಸ್ ಆದಾಗ ಊರಿಗೆ ಊರೇ ಪಿನ್ ಬದಲಾಯಿಸ್ತಿತ್ತು, ಈ ಸಲವೂ ಬೀದಿಬೀದಿಯಲ್ಲಿ ನಡೆಯುತ್ತೆ. ಬೆಂಗಳೂರು, ಮೈಸೂರಿಂದ ಅಜ್ಜಿ ತಾತ ಮೊಮ್ಮಕ್ಕಳ ಜೊತೆ ಬರ್ತಾರೆ. ಅವರಿಗೂ ಈಗಲೇ ಹೇಳಿಡಿ.

ಆ ಐದು ಪಿನ್ ಪಾರ್ಕಿಗೆ ಒಯ್ಯಲ್ಲ, ಯಾರ ಕೊರಳಿಗೂ ಕಟ್ಟಲ್ಲ. ಆ ಬುಕ್‌ನ ಹೆಂಗಸು ತಮ್ಮ ಅಸಲಿ ಡೊನಾಲ್ಡ್ ಕೂಡ ಮಗಳಿಗೇ ಕೊಟ್ಟುಬಿಟ್ರು, ಬೇಡ ಅಂದ್ರೂ ಕೇಳಲಿಲ್ಲ. ಮುಂದಿನ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಎರಡು ಡೊನಾಲ್ಡನ್ನೂ ತರ್ತೀನಿ. ಊಟದ ಹೊತ್ತಲ್ಲಿ ಸಿಗಿ, ನಿಮ್ಮ ಮಕ್ಕಳ ಕೈಯಲ್ಲೇ ಇಟ್ಟು ತೋರಿಸ್ತೀನಿ.