ಫೌಲ್ ಜಗಳಕ್ಕೆ ಸಿಸಿಟಿವಿ, ಆಕ್ಷನ್ ಕ್ಯಾಮೆರಾ, ಮೊಬೈಲ್: ನನ್ನ ವೋಟು ಮೊಬೈಲಿಗೆ

ಪೂಲ್ ಟೇಬಲ್ ಮೇಲಿನ ಫೌಲ್ ಜಗಳ ತೀರಿಸಲು 9,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಆಕ್ಷನ್ ಕ್ಯಾಮೆರಾ ತಂದೆ. ಜೇಬಿನಲ್ಲಿದ್ದ ಮೊಬೈಲೇ ಸಾಕಿತ್ತು ಅಂತ ಗೊತ್ತಾಗಲು ನಾಲ್ಕು ಭಾನುವಾರ ಬೇಕಾಯಿತು.

ನಾವು ಐದಾರು ಜನ ಎಯ್ಟ್ ಬಾಲ್ ಎಂಬ ಪೂಲ್ ಆಟ ಆಡುವವರು. ಸೋತವರು ಟೇಬಲ್ ಬಿಲ್ ಕಟ್ಟಬೇಕು. ಫೌಲ್ ಆದರೆ ವೈಟ್ (ಸ್ಟಿಕ್ಕಿನಿಂದ ಹೊಡೆಯುವ ಬಿಳಿ ಬಾಲ್) ಎದುರಾಳಿ ಕೈಗೆ ಹೋಗುತ್ತದೆ, ಅವನು ಎಲ್ಲಿ ಬೇಕಾದರೂ ಇಟ್ಟು ಹೊಡೆಯಬಹುದು. ಅಲ್ಲಿಗೆ ಅರ್ಧ ಗೇಮ್ ಕೈಬಿಟ್ಟಂತೆ. ಹಿಂದೆ ಪಾರ್ಲರಿನ ಟೇಬಲ್ ನೋಡಿಕೊಳ್ಳುವ ಮಾರ್ಕರ್ ಅಣ್ಣ ಹೇಳಿದ್ದೇ ತೀರ್ಪು. ಪಾಪ, ಅವರಿಗೆ ನಾಲ್ಕು ಟೇಬಲ್ ಉಸ್ತುವಾರಿ. ನಾವು ಕೂಗಿ ಅವರು ಬರುವಷ್ಟರಲ್ಲಿ ಬಾಲೆಲ್ಲ ನಿಂತಿರುತ್ತಿದ್ದವು.

ಪಾರ್ಲರಿನ ಸಿಸಿಟಿವಿ ಇರುವುದು ಗಲ್ಲಾ ಕಾಯಲು. ಬಿಡಿ.

ಜಗಳ ಬಹುಪಾಲು ಒಂದೇ: ವೈಟಿಗೂ ಮುಂದಿನ ಬಾಲಿಗೂ ಚಾಕ್ ತುಂಡಿನಷ್ಟೂ ಜಾಗವಿಲ್ಲದಾಗ ಸ್ಟಿಕ್ ವೈಟಿಗೆ ಎರಡು ಸಲ ತಾಗಿತೋ ಇಲ್ಲವೋ ಅನ್ನುವುದು. ತಾಗಿದರೆ ಫೌಲ್. ಆಕ್ಷನ್ ಕ್ಯಾಮೆರಾ ಸೋತದ್ದು ಇಲ್ಲೇ. ಲ್ಯಾಂಪಿನ ಪಕ್ಕ ಮೇಲೆ ಕಟ್ಟಿದರೆ ಇಡೀ ಟೇಬಲ್ ಕಾಣುತ್ತದೆ, ಆದರೆ ಬಾಲ್ ಕಡಲೆಕಾಳಿನಷ್ಟು. ಟೇಬಲ್ ಅಂಚಿನ ಕುಷನ್ ಚಿತ್ರದಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಲ್ ಕುಷನ್ನಿಗೆ ತಾಗಿತಾ ಅನ್ನುವುದೂ ಅನುಮಾನವೇ.

ಮೊಬೈಲಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ಹಿಡಿಯುತ್ತದೆ. ಯಾವಾಗಲೂ ಓಡಿಸಬೇಕಿಲ್ಲ. ಇಕ್ಕಟ್ಟಿನ ಶಾಟ್ ಬಂದರೆ ಎದುರಾಳಿ "ತಡಿ, ಹಿಡೀತೀನಿ" ಅಂತ ಪಕ್ಕದಿಂದ ಟೇಬಲ್ ಮಟ್ಟಕ್ಕೆ ಬಗ್ಗಿ ಹಿಡಿದರಾಯಿತು.

ಆದರೆ ಮೊದಲ ದಿನವೇ ಒಂದು ಪೀಡೆ ಗಂಟುಬಿತ್ತು. ವಿಡಿಯೊ ನಿಧಾನ ಮಾಡಿದರೆ ಟೇಬಲ್ ಒಮ್ಮೆ ಬೆಳಕು, ಒಮ್ಮೆ ಕತ್ತಲು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಟೇಬಲ್ ಮೇಲಿನ ಲೈಟು ಒಂದೊಂದು ಸುತ್ತಿಗೆ ಎರಡು ಸಲದಂತೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ತಿಳಿಯದ್ದು 240 ಚಿತ್ರಗಳಲ್ಲಿ ಎದ್ದು ಕಾಣುತ್ತದೆ. ಸ್ಟಿಕ್ ತಾಗುವ ಚಿತ್ರವೇ ಕಪ್ಪು!

ಶಟರ್ (ಒಂದೊಂದು ಚಿತ್ರ ಬೆಳಕು ಹಿಡಿಯುವ ಹೊತ್ತು) ಸೆಕೆಂಡಿನ 1/100ಕ್ಕೆ ಇಟ್ಟರೆ ಮಿಣುಕು ಹೋಗುತ್ತದೆ ಅಂತ ಗೆಳೆಯ ಹೇಳಿದ. ಹೋಗುತ್ತದೆ ನಿಜ, ಆದರೆ ಒಂದೊಂದು ಚಿತ್ರಕ್ಕೆ ಸೆಕೆಂಡಿನ 1/240 ಭಾಗವೇ ಸಿಗುವಾಗ 1/100 ಎಲ್ಲಿಂದ ತರುವುದು? 50 ಚಿತ್ರಕ್ಕೆ ಇಳಿಸಿ ನೋಡಿದೆ. ಒಂದು ಚಿತ್ರದಲ್ಲಿ ವೈಟ್ ನಿಂತಿದೆ, ಮುಂದಿನದರಲ್ಲಿ ಆಗಲೇ ಹೊರಟಿದೆ. ಕೊನೆಗೆ ಮನೆಯ ಎಮರ್ಜೆನ್ಸಿ ಲ್ಯಾಂಪ್ ತಂದು, ಮಿಣುಕದ ಹಾಗೆ ಪೂರ್ತಿ ಬೆಳಕಿನಲ್ಲಿ ಬ್ಯಾಟರಿ ಮೇಲೆ ಹಚ್ಚಿ ಪಕ್ಕಕ್ಕಿಟ್ಟೆ. ಚಿತ್ರ ತಕ್ಕಮಟ್ಟಿಗೆ ನೆಟ್ಟಗಾಯಿತು. ಶಾಟ್ ಹೊಡೆಯುವವರ ಕಣ್ಣಿಗೆ ಚುಚ್ಚುತ್ತದೆ ಅನ್ನುವ ಗೊಣಗಾಟ ಇನ್ನೂ ಇದೆ.

ಸ್ಟಿಕ್ ವೈಟನ್ನು ಮುಟ್ಟಿರುವುದು ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಎರಡನೇ ತಾಗುವಿಕೆಯನ್ನು ಮೊಬೈಲೂ ಹಿಡಿಯದೆ ಹೋಗಬಹುದು. ಕಾಣುವುದು ಆಮೇಲಿನದು. ಮುಂದಿನ ಬಾಲ್ ಇದ್ದ ಜಾಗ ದಾಟಿ ವೈಟ್ ಅರ್ಧ ಬಾಲಿಗಿಂತ ಹೆಚ್ಚು, ಅಂದರೆ 28 ಮಿಲಿಮೀಟರಿನಷ್ಟು ಮುಂದೆ ನುಗ್ಗಿದರೆ ನಮ್ಮಲ್ಲಿ ಫೌಲ್. ಎರಡು ಸಲ ನೋಡಿದರೂ ತಿಳಿಯದಿದ್ದರೆ ಹೊಡೆದವನ ಪರ. ಮೂರನೇ ಸಲ ನೋಡುವಂತಿಲ್ಲ. ಟೇಬಲ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತಿರುತ್ತದೆ.

ಲ್ಯಾಂಪ್ ಮನೆಯದೇ, ಖರ್ಚು ಸೊನ್ನೆ. ಆಕ್ಷನ್ ಕ್ಯಾಮೆರಾ ಈಗ ತಮ್ಮನ ಹೆಲ್ಮೆಟ್ ಮೇಲಿದೆ. ದುಡ್ಡು ಕೇಳಿದರೆ ಮುಂದಿನ ತಿಂಗಳು ಅನ್ನುತ್ತಾನೆ.