ನೀಲಿಯೋ ಬಿಸ್ಕತ್ತು ಬಣ್ಣವೋ: ರೆಸಿಸ್ಟರ್ ಕೊಂಡು ಕೈ ಸುಟ್ಟುಕೊಂಡವನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನಾನು ನೀಲಿ ಪಾರ್ಟಿ. ನನ್ನ ಡಬ್ಬಿಯಲ್ಲಿ ಈಗ ಹೆಚ್ಚುಕಡಿಮೆ ಎಲ್ಲವೂ ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳೇ. ರೆಸಿಸ್ಟರ್ ಅಂದರೆ ಕರೆಂಟಿಗೆ ಅಡ್ಡ ನಿಲ್ಲುವ ಪುಟ್ಟ ಬಿಡಿಭಾಗ, ಎಷ್ಟು ಅಡ್ಡ ಅನ್ನುವುದರ ಅಳತೆ ಓಮ್. ಹಿಂದೆ ಹೀಗಿರಲಿಲ್ಲ. ಭಾವನ ಮನೆಯ ಬ್ಯಾಟರಿ ಬುದ್ಧಿ ಕಲಿಸಿತು.

ಬೆಂಗಳೂರಿಗೆ ಹೋದಾಗಲೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಒಂದು ಸುತ್ತು ಹಾಕುವ ಚಟ ನನಗೆ. ಒಮ್ಮೆ ಅಲ್ಲಿ ಬಿಸ್ಕತ್ತು ಬಣ್ಣದ ಕಾರ್ಬನ್ ಫಿಲ್ಮ್ ರೆಸಿಸ್ಟರ್‌ಗಳ ದೊಡ್ಡ ಪ್ಯಾಕೆಟ್ ಸಿಕ್ಕಿತು. ಕಾಲು ವ್ಯಾಟಿನವು, ಎಲ್ಲ ಬೆಲೆಯವೂ ಒಂದಿಷ್ಟು (ಬೆಲೆ ಅಂದರೆ ಇಲ್ಲಿ ದುಡ್ಡಲ್ಲ, ಎಷ್ಟು ಓಮ್ ಅನ್ನುವುದು). ಪಕ್ಕದಲ್ಲೇ ನೀಲಿಯವು ಇದ್ದವು, ರೇಟು ಸುಮಾರು ಎರಡರಷ್ಟು. ಹೇಳಿದ ಓಮಿಗಿಂತ ಬಿಸ್ಕತ್ತಿನದು 5 ಪರ್ಸೆಂಟ್ ಆಚೀಚೆ ಇರಬಹುದು, ನೀಲಿಯದು 1 ಪರ್ಸೆಂಟ್. ‘5 ಪರ್ಸೆಂಟ್ ಆದರೇನಂತೆ, ಮೀಟರ್ ಇದೆಯಲ್ಲ, ಅಳೆದು ಆರಿಸಿದರಾಯ್ತು’ ಅಂತ ಜಾಣತನ ಮಾಡಿದೆ.

ಆ ಪ್ಯಾಕೆಟ್‌ನಿಂದಲೇ ಕುಂದಾಪುರದ ಭಾವನ ಮನೆಗೆ ಒಂದು ಬ್ಯಾಟರಿ ಚಾರ್ಜರ್ ಮಾಡಿಕೊಟ್ಟೆ. 12 ವೋಲ್ಟಿನ ಬ್ಯಾಟರಿಗೆ ಕೊನೆಯವರೆಗೂ 2 ಆಂಪಿಯರ್ ಕೊಡುತ್ತಾ ಹೋಗಿ 14.25 ವೋಲ್ಟಿಗೆ ನಿಲ್ಲಿಸಬೇಕು, ಅಷ್ಟೇ ಅದರ ಕೆಲಸ. ನಿಲ್ಲಿಸುವ ತೀರ್ಮಾನ ಟಿಎಲ್431 ಅನ್ನುವ ಪುಟ್ಟ ಐಸಿಯದು. ಮೇಲೆ 47ಕೆ, ಕೆಳಗೆ 10ಕೆ ರೆಸಿಸ್ಟರ್ (ಕೆ ಅಂದರೆ ಸಾವಿರ ಓಮ್) ಹಾಕಿದರೆ, ಇವೆರಡರ ನಡುವೆ 2.5 ವೋಲ್ಟ್ ಬಂದ ಕೂಡಲೇ ಅದು ‘ಸಾಕು’ ಅಂತ ಕೈ ಎತ್ತುತ್ತದೆ. ಗುಡ್ಡೆಯಿಂದ ಹೆಕ್ಕಿ, ಅಳೆದು, ಕರೆಕ್ಟಾಗಿರುವ ಎರಡನ್ನೇ ಹಾಕಿದ್ದೆ. ಮೇಜಿನ ಮೇಲೆ ಪರೀಕ್ಷೆ ಮಾಡಿದಾಗ ಸರಿಯಾಗಿ 14.25ಕ್ಕೇ ನಿಂತಿತು.

ಮೂರು ತಿಂಗಳಾದ ಮೇಲೆ ಭಾವನ ಫೋನ್. “ಎಂಥದು ಮಾರಾಯ ಇದು, ಬ್ಯಾಟರಿ ಒಳಗೆ ಅನ್ನ ಕುದಿಯೋ ಹಾಗೆ ಶಬ್ದ ಬರ್ತದೆ. ಎರಡು ಸಲ ಡಿಸ್ಟಿಲ್ಡ್ ವಾಟರ್ ಹಾಕಿಯಾಯ್ತು.” ಹೋಗಿ ನೋಡಿದೆ. ತಣ್ಣಗಿರುವಾಗ ಚಾರ್ಜರ್ ಸಾಚಾ. ಒಂದು ಗಂಟೆ ಓಡಿದ ಮೇಲೆ 14.5ರ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅಕ್ಕನ ಹೇರ್ ಡ್ರೈಯರ್ ಈಸಿಕೊಂಡು, 10ಕೆ ರೆಸಿಸ್ಟರಿನ ಒಂದು ಕಾಲು ಬಿಚ್ಚಿ, ಮೀಟರ್ ಹಚ್ಚಿ ಬಿಸಿಗಾಳಿ ಬಿಟ್ಟೆ. 10.00 ಇದ್ದದ್ದು 9.95, 9.90, 9.85 ಅಂತ ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಗಾಳಿ ನಿಲ್ಲಿಸಿದರೆ ಮತ್ತೆ ಮೆಲ್ಲಗೆ ಏರಿತು. ಅಳೆದು ಆರಿಸಿದ್ದು ಬರೀ ಆ ಹೊತ್ತಿನ ಬೆಲೆಯನ್ನ.

ಇದು ಕೆಟ್ಟ ಮಾಲು ಅಂತಲ್ಲ. ಅದನ್ನು ಮಾಡುವ ರೀತಿಯೇ ಹಾಗೆ. ಸಣ್ಣ ಪಿಂಗಾಣಿ ಕಡ್ಡಿಗಳನ್ನು ಕುಲುಮೆಯಲ್ಲಿಟ್ಟು ಮೀಥೇನ್‌ನಂಥ ಗ್ಯಾಸ್ ಬಿಡುತ್ತಾರೆ. ಆ ಬಿಸಿಗೆ ಗ್ಯಾಸ್ ಒಡೆದು ಇಂಗಾಲ ಕಡ್ಡಿಯ ಮೈಗೆ ಅಂಟುತ್ತದೆ. ಮಸಿ ಹಿಡಿದ ಪಾತ್ರೆ ಅನ್ನಿ. ಎರಡು ತುದಿಗೆ ಟೋಪಿ ಹಾಕಿ, ಕಾಲು ಬೆಸೆದು, ಮೂಸಂಬಿ ಸಿಪ್ಪೆ ಸುಲಿದ ಹಾಗೆ ಆ ಪದರದಲ್ಲಿ ಸುರುಳಿ ಗೀರು ಕೊರೆಯುತ್ತಾರೆ. ಗೀರು ಉದ್ದವಾದಷ್ಟೂ ಓಮ್ ಜಾಸ್ತಿ. ಆಮೇಲೆ ಮೇಲಿನ ಲೇಪ, ಎಷ್ಟು ಓಮ್ ಅಂತ ಹೇಳುವ ಬಣ್ಣದ ಪಟ್ಟಿ. ಈ ಇಂಗಾಲದ ಪದರ ಬಿಸಿಯಾದರೆ ಓಮ್ ಇಳಿಯುತ್ತದೆ, ಡಿಗ್ರಿಗೆ ಹತ್ತು ಲಕ್ಷದಲ್ಲಿ 400–500 ಭಾಗದ ಲೆಕ್ಕದಲ್ಲಿ. 40 ಡಿಗ್ರಿ ಏರಿದರೆ 2 ಪರ್ಸೆಂಟ್ ಹೋಯ್ತು. 10ಕೆ ಇದ್ದದ್ದು 9.8ಕೆ ಆದರೆ ನನ್ನ ಚಾರ್ಜರ್ ನಿಲ್ಲುವುದು 14.49ಕ್ಕೆ.

ಎರಡೂ ಒಂದೇ ಜಾತಿ ತಾನೇ, ಎರಡೂ ಒಟ್ಟಿಗೆ ಇಳಿದರೆ ಲೆಕ್ಕ ಸರಿಹೋಗಬೇಕಲ್ಲ ಅಂತ ಕೇಳುತ್ತೀರಿ. ಸರಿಹೋಗುತ್ತಿತ್ತು, ಎರಡೂ ಒಂದೇ ಬಿಸಿಯಲ್ಲಿದ್ದರೆ. ನಾನು 10ಕೆಯನ್ನು ಚಾರ್ಜರಿನಲ್ಲಿ ಚೆನ್ನಾಗಿ ಬಿಸಿಯಾಗುವ ಸಿಮೆಂಟ್ ರೆಸಿಸ್ಟರಿನ ಮಗ್ಗುಲಲ್ಲಿ ಕೂರಿಸಿದ್ದೆ, 47ಕೆಯನ್ನು ಆಚೆ ತುದಿಯಲ್ಲಿ. ತಪ್ಪು ಲೇಔಟ್ ನನ್ನದೇ. ಆದರೆ ಜಾಗ ಬದಲಿಸದೆ ಬರೀ ಆ ಎರಡನ್ನು ತೆಗೆದು ನೀಲಿಯವನ್ನು ಹಾಕಿದೆ. ಒಂದು ಗಂಟೆ ಓಡಿಸಿದರೂ ಮೀಟರಿನಲ್ಲಿ 14.28 ದಾಟಲಿಲ್ಲ.

ನೀಲಿಯದರಲ್ಲೂ ಅದೇ ಪಿಂಗಾಣಿ ಕಡ್ಡಿ, ಅದೇ ಸುರುಳಿ ಗೀರು. ಆದರೆ ಪದರ ನಿಕ್ರೋಮ್‌ನಂಥ ಲೋಹದ್ದು, ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕೂರಿಸಿದ್ದು. ಡಿಗ್ರಿಗೆ ಹತ್ತು ಲಕ್ಷದಲ್ಲಿ 50 ಅಥವಾ 100 ಭಾಗ ಅಷ್ಟೇ ಆಚೀಚೆ. ಎರಡನ್ನೂ ಬ್ಲೇಡಿನಲ್ಲಿ ಕೆರೆದು ನೋಡಿದೆ. ಬಿಸ್ಕತ್ತಿನ ಲೇಪ ಒಣಗಿದ ಸುಣ್ಣದ ಹಾಗೆ ಚಕ್ಕೆ ಚಕ್ಕೆ ಎದ್ದು, ಒಳಗೆ ಕರಿ ಪದರ ಕಂಡಿತು. ನೀಲಿ ಲೇಪ ಗಟ್ಟಿ. ಕೈ ನೋವು ಬರುವವರೆಗೂ ಕೆರೆದ ಮೇಲೆ ಬೂದು ಬೆಳ್ಳಿಯ ಹೊಳಪು ಇಣುಕಿತು.

ನಮ್ಮ ಕರಾವಳಿಯಲ್ಲಿ ಈ ಲೇಪದ ಮಾತು ಸಣ್ಣದಲ್ಲ. ಲೋಹದ ಪದರ ತುಂಬಾ ತೆಳು. ಲೇಪದಲ್ಲಿ ಎಲ್ಲಾದರೂ ತೂತು ಬಿದ್ದು ತೇವ ಒಳಗೆ ಹೋದರೆ, ಮೇಲಿಂದ ಡಿಸಿ ಕರೆಂಟೂ ಇದ್ದರೆ, ನಿಕ್ರೋಮ್ ಪದರ ಸವೆದು ಕೊನೆಗೆ ಕಡಿದೇ ಹೋಗುತ್ತದೆ. ನಾನು ಮೊದಲು ಕಾಲನ್ನು ಬುಡದಲ್ಲೇ ಮಡಚುತ್ತಿದ್ದೆ. ಟೋಪಿಯ ಹತ್ತಿರ ಲೇಪ ಬಿರಿಯುವುದು ಭೂತಗನ್ನಡಿಯಲ್ಲಿ ಕಂಡ ಮೇಲೆ ಎರಡು ಮಿಲಿಮೀಟರ್ ಬಿಟ್ಟು ಮಡಚುತ್ತೇನೆ.

ಇನ್ನು ನೀಲಿಯ ಮೇಲಿನ ನನ್ನ ಸಿಟ್ಟು. ಹೊಗಳಿದವನೇ ಬೈಯಬೇಕಲ್ವಾ?

ಆ ಪಟ್ಟಿಗಳನ್ನು ಓದುವುದು ಒಂದು ಶಿಕ್ಷೆ. ಕಡು ನೀಲಿ ಮೈ ಮೇಲೆ ಕಂದು, ಕಪ್ಪು, ನೇರಳೆ ಮೂರೂ ಟ್ಯೂಬ್‌ಲೈಟಿನಲ್ಲಿ ಒಂದೇ ಥರ. ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ಕಿಟಕಿ ಹತ್ತಿರ ಹೋಗಿ ನೋಡಬೇಕು. ಬಿಸ್ಕತ್ತಿನ ಮೇಲೆ ನಾಲ್ಕು ಪಟ್ಟಿ, ಕೊನೆಯದು ಚಿನ್ನದ ಬಣ್ಣ. ಯಾವ ಕಡೆಯಿಂದ ಓದಬೇಕು ಅನ್ನುವ ಗೊಂದಲವೇ ಇಲ್ಲ. ನೀಲಿಗೆ ಐದು ಪಟ್ಟಿ, ಕೊನೆಯದು ಕಂದು. ಮೊದಲನೆಯದೂ ಕಂದೇ ಇದ್ದರೆ ಕಥೆ ಮುಗಿಯಿತು.

10ಕೆ ಅಂದರೆ ಕಂದು-ಕಪ್ಪು-ಕಪ್ಪು-ಕೆಂಪು-ಕಂದು. ಅದನ್ನೇ ತಿರುಗಿಸಿ ಹಿಡಿಯಿರಿ: ಕಂದು-ಕೆಂಪು-ಕಪ್ಪು-ಕಪ್ಪು-ಕಂದು. ಅದು 120 ಓಮ್! ಎರಡೂ ಅಂಗಡಿಯಲ್ಲಿ ಸಿಗುವ ಬೆಲೆಗಳೇ. ಎರಡೂ ನನ್ನ ಒಂದೇ ಡಬ್ಬಿಯಲ್ಲಿ ಬಿದ್ದಿದ್ದವು. ಎರಡನೇ ಚಾರ್ಜರ್ ಕಟ್ಟುವಾಗ 10ಕೆ ಜಾಗಕ್ಕೆ 120 ಓಮ್ ಬೆಸೆದೆ. ಚಾರ್ಜರ್ ನಿಲ್ಲುವ ಲಕ್ಷಣವೇ ಇಲ್ಲ. 15 ವೋಲ್ಟ್ ದಾಟಿದಾಗ ಗಾಬರಿಯಾಗಿ ಪ್ಲಗ್ ಕಿತ್ತೆ. ಐಸಿ ಹೋಗಿರಬೇಕು ಅಂತ ಬದಲಿಸಿದೆ. ಅದೇ ಕಥೆ. ಇನ್ನೊಂದು ಐಸಿ ಹಾಕಿದೆ. ಅರ್ಧ ಭಾನುವಾರ ಹೋಯ್ತು. ಊಟಕ್ಕೆ ಕರೆದವರ ಮೇಲೆಲ್ಲ ರೇಗಿದೆ. ಕೊನೆಗೆ ಸುಮ್ನೆ ಲೆಕ್ಕ ಹಾಕಿ ನೋಡಿದರೆ, 120 ಓಮ್ ಇದ್ದಾಗ ಅದು ನಿಲ್ಲಬೇಕಾದದ್ದು ಸುಮಾರು 980 ವೋಲ್ಟಿಗೆ. ಪಾಪ, ಐಸಿ ತನ್ನ ಕೆಲಸ ತಾನು ಮಾಡುತ್ತಿತ್ತು.

ಈಗ ಬಿಡಿಯಾಗಿ ತರುವುದೇ ಇಲ್ಲ. ಟೇಪಿಗೆ ಅಂಟಿಸಿರುವ ಸಾಲನ್ನೇ ತಂದು, ಟೇಪಿನ ಮೇಲೆ ಪೆನ್ನಿನಲ್ಲಿ ಬೆಲೆ ಬರೆದಿಡುತ್ತೇನೆ. ಬೆಸುಗೆಗೆ ಮುಂಚೆ ಪ್ರತಿಯೊಂದನ್ನೂ ಮೀಟರಿಗೆ ತೋರಿಸುತ್ತೇನೆ. ಅಂದ ಹಾಗೆ, ಮೈ ಬಣ್ಣ ತಯಾರಕರ ಇಷ್ಟ. ನೀಲಿ ಕಂಡ ಮಾತ್ರಕ್ಕೆ ಒಳಗೆ ಮೆಟಲ್ ಫಿಲ್ಮೇ ಇರುತ್ತದೆ ಅಂತಿಲ್ಲ. ಅನುಮಾನ ಬಂದರೆ ಹೇರ್ ಡ್ರೈಯರ್ ಇದ್ದೇ ಇದೆ.

ಉಳಿದವುಗಳನ್ನೂ ಬಳಸಿದ್ದೇನೆ. ಓದುವ ವಿಷಯಕ್ಕೆ ಬಂದರೆ ಬಿಳಿ ಸಿಮೆಂಟ್ ರೆಸಿಸ್ಟರಿಗೆ ನೂರಕ್ಕೆ ನೂರು. ಪಟ್ಟಿ ಗಿಟ್ಟಿ ಇಲ್ಲ, ಬೆಲೆ ಮೈ ಮೇಲೇ ಅಚ್ಚಾಗಿರುತ್ತದೆ. ಒಳಗೆ ತಂತಿ ಸುತ್ತಿದ ಕಡ್ಡಿ, ಹೊರಗೆ ಪಿಂಗಾಣಿ ತೊಟ್ಟಿ, ನಡುವೆ ಸಿಮೆಂಟ್ ಭರ್ತಿ. ನನ್ನ ಚಾರ್ಜರಿನಲ್ಲಿರುವುದು 1 ಓಮ್, 10 ವ್ಯಾಟ್. 2 ಆಂಪಿಯರ್ ಹರಿದರೆ ಅದರಲ್ಲಿ 4 ವ್ಯಾಟ್ ಬಿಸಿ. ಬೋರ್ಡಿಗೆ ತಾಗಿಸಿ ಕೂರಿಸಿದರೆ ಕೆಳಗೆ ದೋಸೆ ಸೀದ ಹಾಗೆ ಕಂದು ಕಲೆ ಖಂಡಿತ. ಕಾಲು ಉದ್ದ ಬಿಟ್ಟು ಎತ್ತರಿಸಿ ಕೂರಿಸಿ. ಹಳೇ ಮೆಷಿನ್‌ಗಳಲ್ಲಿ ಹಸಿರು ಗಾಜಿನ ಲೇಪದ ತಂತಿ ರೆಸಿಸ್ಟರ್ ನೋಡಿರುತ್ತೀರಿ. ಗಾಜಿನ ಪುಡಿ ಬಳಿದು ಕುಲುಮೆಯಲ್ಲಿ ಕರಗಿಸಿದ್ದು. ಚೆಂದ ಇದೆ, ನನ್ನ ಕೆಲಸಕ್ಕೆ ಬೇಡ.

ಒಂದೆರಡು ವ್ಯಾಟ್ ಬೇಕಾದ ಕಡೆ ಮೆಟಲ್ ಆಕ್ಸೈಡ್ ಹಾಕುತ್ತೇನೆ. ಅದರ ಪದರ ಟಿನ್ ಆಕ್ಸೈಡ್, ಲೇಪ ಬೆಂಕಿ ಹಿಡಿಯದಂಥದ್ದು. ಓವರ್‌ಲೋಡ್ ಆದ ಕಾರ್ಬನ್ ಫಿಲ್ಮಿನ ಲೇಪ ಹೊಗೆಯಾಡುವ ವಾಸನೆ ಒಮ್ಮೆ ಕುಡಿದವರಿಗೆ ಇದರ ಬೆಲೆ ಗೊತ್ತು.

ಅಜ್ಜನ ವಾಲ್ವ್ ರೇಡಿಯೋದಲ್ಲಿ ಇರುವುದು ಕಾರ್ಬನ್ ಕಾಂಪೊಸಿಷನ್. ಇಂಗಾಲದ ಪುಡಿಯನ್ನು ಅಂಟಿನಲ್ಲಿ ಕಲಸಿ ಅಚ್ಚೊತ್ತಿದ್ದು. ತೇವ ಕುಡಿದು ಓಮ್ ಏರಿಸಿಕೊಳ್ಳುತ್ತದೆ. 220ಕೆ ಅಂತ ಬರೆದದ್ದು ಅಳೆದರೆ 310ಕೆ ಇತ್ತು. ತಟ್ಟನೆ ಬರುವ ಕರೆಂಟಿನ ದೊಡ್ಡ ಹೊಡೆತವನ್ನು ಮೈಪೂರ್ತಿ ಹಂಚಿಕೊಂಡು ತಡೆಯುತ್ತದೆ ಅನ್ನುವುದು ನಿಜ. ನಮ್ಮ ಮಳೆಗಾಲಕ್ಕೆ ಮಾತ್ರ ಆಗಿಬರುವುದಿಲ್ಲ. ಇನ್ನು ಬೋರ್ಡಿಗೆ ಅಂಟುವ ಎಸ್ಎಂಡಿ ಚಿಪ್. 103 ಅಂದರೆ 10ರ ಮುಂದೆ ಮೂರು ಸೊನ್ನೆ, 10ಕೆ, ಓದೋದು ಸುಲಭ, ಆದರೆ ನನ್ನ ಕಣ್ಣಿಗೂ ನಡುಗುವ ಕೈಗೂ ಒಗ್ಗುವುದಿಲ್ಲ.

ತಿಂಗಳಿಗೆ ಐವತ್ತು ರೆಸಿಸ್ಟರ್ ದಾಟದ ನನ್ನಂಥವನಿಗೆ ನೀಲಿ ಬಿಸ್ಕತ್ತಿನ ರೇಟಿನ ವ್ಯತ್ಯಾಸ ಒಂದು ಮಸಾಲೆ ದೋಸೆಯಷ್ಟೂ ಇಲ್ಲ. ಕುಂದಾಪುರಕ್ಕೆ ಬಸ್ಸಿನಲ್ಲಿ ಹೋಗಿಬಂದ ಖರ್ಚೇ ಅದಕ್ಕಿಂತ ಜಾಸ್ತಿ. ಕ್ಲಾಸಿನ ಮಕ್ಕಳಿಗೆ ಸಾವಿರಗಟ್ಟಲೆ ಹಂಚುವವರಾದರೆ ಬಿಸ್ಕತ್ತೇ ತಗೊಳ್ಳಿ, ಪಟ್ಟಿ ಓದುವುದನ್ನಾದರೂ ನೆಟ್ಟಗೆ ಕಲಿಯುತ್ತಾರೆ.

ನನ್ನ ಹಳೇ ಪ್ಯಾಕೆಟ್ ಇನ್ನೂ ಅರ್ಧ ಹಾಗೇ ಇದೆ. ದೀಪಾವಳಿಗೆ ಗೂಡುದೀಪದ ಎಲ್ಇಡಿಗಳಿಗೆ ಅವನ್ನೇ ಹಾಕುತ್ತಿದ್ದೇನೆ. 2 ಪರ್ಸೆಂಟ್ ಆಚೀಚೆ ಆಗಿ ಒಂದು ಎಲ್ಇಡಿ ಚೂರು ಮಂಕಾದರೆ ಭಾವ ಫೋನ್ ಮಾಡಲ್ಲ.